ಕೆಂಜಳಿಲಿನ ಬಾಲ ಯಾಕೆ ಉದುರಿತು?

ಪ್ರಶ್ನೆ: ಅಕ್ಕಾ, ನಮ್ಮದು ಮೂಡಿಗೆರೆ ಹತ್ತಿರ ಒಂದು ಹಳ್ಳಿ. ತೋಟಕ್ಕೆ ಬರುವ ಕೆಂಜಳಿಲನ್ನು ಕುಶನ್ ಕವರ್ ಮೇಲೆ ಕಸೂತಿ ಮಾಡ್ತಾ ಇದ್ದೇನೆ. ಮೈಗೆ ಲಾಂಗ್ ಅಂಡ್ ಶಾರ್ಟ್ ಸ್ಟಿಚ್ ಹಾಕಿದೆ, ಚೆನ್ನಾಗೇ ಬಂತು. ಬಾಲ ಮಾತ್ರ ನಿಜವಾದ ಕೂದಲಿನ ಹಾಗೆ ಎದ್ದು ನಿಲ್ಲಲಿ ಅಂತ ವಿಡಿಯೋ ನೋಡಿ ಟರ್ಕಿ ವರ್ಕ್ (ಕುಣಿಕೆ ಬಿಟ್ಟು ಹೊಲಿದು, ಆಮೇಲೆ ಕತ್ತರಿಸುವ ಹೊಲಿಗೆ) ಹಾಕಿದೆ. ಆರೂ ಎಳೆ ಸೇರಿಸಿ, ಎರಡು ದಿನ ಕೂತು ಮಾಡಿದ್ದು. ಕುಣಿಕೆ ಕತ್ತರಿಸಿ ಬ್ರಷ್ ಆಡಿಸಿದರೆ ಅರ್ಧ ದಾರ ಕೈಗೇ ಬಂತು. ಉಳಿದಿದ್ದರ ನಡುವೆ ಬಟ್ಟೆ ಕಾಣ್ತಿದೆ. ತಪ್ಪು ಎಲ್ಲಾಯ್ತು? ಪೂರ್ತಿ ಬಿಚ್ಚಬೇಕಾ? ಆಮೇಲೆ, ನಮ್ಮ ಮಳೆಗಾಲದಲ್ಲಿ ಇಂಥದ್ದನ್ನು ಒಗೆಯೋದು ಹೇಗೆ?

ಉತ್ತರ: ಕೈಗೆ ಬಂದ ದಾರದ ಚೂರುಗಳನ್ನು ಗುಡಿಸಿ ಎಸೆದಿಲ್ಲ ತಾನೇ? ಎಸೆದಿದ್ದರೂ ಪರವಾಗಿಲ್ಲ. ಬಾಲದಿಂದ ಇನ್ನೊಂದು ಚೂರು ಮೆಲ್ಲಗೆ ಎಳೆದುಕೊಳ್ಳಿ. ಬಿಳಿ ಕಾಗದದ ಮೇಲಿಟ್ಟು ನೋಡಿ. ಹೇರ್‌ಪಿನ್ ಹಾಗೆ ನಡುವೆ ಒಂದೇ ಕಡೆ ಮಡಿಚಿದೆಯಾ? ಹಾಗಿದ್ದರೆ ನೀವು ಬರೀ ಕುಣಿಕೆ ಹಾಕಿದ್ದೀರಿ, ಗಂಟು ಬಿದ್ದಿಲ್ಲ. ನಡುವೆ ಮೂರ್ನಾಲ್ಕು ಕಡೆ ಸಣ್ಣ ಸಣ್ಣ ಸುಕ್ಕು ಇದೆಯಾ? ಹಾಗಿದ್ದರೆ ಗಂಟು ಬಿದ್ದಿತ್ತು, ಬಟ್ಟೆ ಅದನ್ನು ಹಿಡಿದುಕೊಳ್ಳಲಿಲ್ಲ. ಎರಡಕ್ಕೂ ಮದ್ದು ಬೇರೆ.

ನನ್ನ ಅಂದಾಜು ಮೊದಲನೆಯದೇ. ವಿಡಿಯೋದಲ್ಲಿ ಕೈ ಬೇಗ ಬೇಗ ಓಡುತ್ತದೆ. ಸೂಜಿ ಹೋಯಿತು, ಬಂತು, ಕುಣಿಕೆ ನಿಂತಿತು. ಒಂದು ಬಿಟ್ಟು ಒಂದು ಹೊಲಿಗೆಯನ್ನು ಅವರು ಪೂರ್ತಿ ಬಿಗಿ ಎಳೆಯುತ್ತಾರೆ. ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮಾತಾಡುತ್ತಾ ಹಾಕುವಾಗಲಂತೂ ಅಲ್ಲೊಂದು ಇಲ್ಲೊಂದು ತಪ್ಪಿಯೇ ತಪ್ಪುತ್ತದೆ. ನಿಮ್ಮ ದಾರ ಅರ್ಧ ಬಂದು ಅರ್ಧ ಉಳಿದದ್ದು ಅದಕ್ಕೇ ಇರಬೇಕು. ಹಿಂಬದಿ ತಿರುಗಿಸಿ ನೋಡಿದರೆ ಏನೂ ಗೊತ್ತಾಗದು. ಗಂಟು ಬಿದ್ದಿರಲಿ, ಬೀಳದಿರಲಿ, ಹಿಂದೆ ಕಾಣುವುದು ಒಂದೇ ಥರ, ಬ್ಯಾಕ್ ಸ್ಟಿಚ್ ಹಾಗೆ ಸಾಲಾಗಿ ಸಣ್ಣ ಹೊಲಿಗೆ. ನೋಡಬೇಕಾದ್ದು ಮುಂಬದಿಯಲ್ಲಿ. ಕುಣಿಕೆಯನ್ನು ಸೂಜಿಯಿಂದ ಮೇಲೆತ್ತಿ. ಬುಡದಲ್ಲಿ ಒಂದು ಪುಟ್ಟ ಅಡ್ಡ ಹೊಲಿಗೆ ಕಾಣಬೇಕು, ಸೀರೆ ನೆರಿಗೆಗೆ ಪಿನ್ ಹಾಕಿದ ಹಾಗೆ. ಅದು ಇಲ್ಲದಿದ್ದರೆ ಆ ಕುಣಿಕೆ ಕತ್ತರಿ ಬೀಳುವ ತನಕ ಮಾತ್ರ ನಿಂತಿರುತ್ತದೆ.

ಈ ಅಡ್ಡ ಹೊಲಿಗೆ ಬಂದದ್ದು ರತ್ನಗಂಬಳಿಯಿಂದ. ಟರ್ಕಿಯ ಪಶ್ಚಿಮ ಭಾಗದಲ್ಲಿ ಗೋರ್ಡೆಸ್ ಅಂತ ಒಂದು ಊರಿದೆ, ರತ್ನಗಂಬಳಿಗೆ ಹೆಸರಾದದ್ದು. ಪಕ್ಕಪಕ್ಕದ ಎರಡು ಹಾಸು ಎಳೆಗಳ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ) ಮೇಲೆ ಉಣ್ಣೆಯನ್ನು ಅಡ್ಡ ಹಾಯಿಸಿ, ಅದರ ಎರಡೂ ತುದಿಗಳನ್ನು ಆ ಎಳೆಗಳ ನಡುವಿನಿಂದ ಮೇಲೆ ತಂದರೆ ಅದು ಗೋರ್ಡೆಸ್ ಗಂಟು. ಇರಾನಿನ ಊರೊಂದರ ಹೆಸರಿನಲ್ಲಿ ಸೆನ್ನೆ ಗಂಟು ಅಂತ ಇನ್ನೊಂದಿದೆ. ತಮಾಷೆ ನೋಡಿ, ಆ ಸೆನ್ನೆಯ ರತ್ನಗಂಬಳಿಗಳಲ್ಲಿ ಇರುವುದು ಗೋರ್ಡೆಸ್ ಗಂಟೇ! 16, 17ನೇ ಶತಮಾನದಲ್ಲಿ ಇಂಗ್ಲೆಂಡಿನವರು ಟರ್ಕಿಯ ರತ್ನಗಂಬಳಿ ನೋಡಿ, ಕುರ್ಚಿಯ ಹೊದಿಕೆಗೆ ಅದೇ ಥರ ಉಣ್ಣೆಯ ಗಂಟು ಹಾಕಲು ಹೊರಟರು. ಟರ್ಕಿ ವರ್ಕ್ ಎಂಬ ಹೆಸರು ಹಾಗೆ ಬಂತು. ನಾವು ಸೂಜಿಯಲ್ಲಿ ಮಾಡುವುದೂ ಅದೇ ಗಂಟು. ಹಾಸು ಎಳೆಯ ಬದಲು ಬಟ್ಟೆಯನ್ನು ಚೂರು ಚೂರು ಎತ್ತುತ್ತೇವೆ, ಅಷ್ಟೆ.

ಗಂಟಿಲ್ಲದೆಯೂ ಜುಂಗು, ಅಂದರೆ ಕೂದಲಿನ ಹಾಗೆ ಎದ್ದು ನಿಲ್ಲುವ ದಾರ, ನಿಲ್ಲಿಸುವವರು ಇದ್ದಾರೆ. ಕಾಂಗೋ ದೇಶದ ಕುಬಾ ಜನಾಂಗದ ಹೆಂಗಸರು ರಾಫಿಯಾ ತಾಳೆ ನಾರಿನ ಬಟ್ಟೆಗೆ ಮಖಮಲ್ಲಿನಂಥ ಕಸೂತಿ ಹಾಕುತ್ತಾರೆ. ನೇಯ್ಗೆಯ ಒಂದೆರಡು ಎಳೆಯ ಕೆಳಗೆ ನಾರು ತೂರಿಸಿ, ಎರಡೂ ಬದಿ ಗಿಡ್ಡವಾಗಿ ಕತ್ತರಿಸಿಬಿಡುತ್ತಾರೆ. ನೇಯ್ಗೆಯ ಬಿಗಿಯೇ ಅದನ್ನು ಹಿಡಿದಿಡುತ್ತದೆ. ಆ ನಾರು ಒರಟು, ಜಾರುವುದಿಲ್ಲ. ನಮ್ಮ ಹತ್ತಿ ದಾರಕ್ಕೆ ಆ ಗುಣ ಇಲ್ಲ. ಹಾಗಾಗಿ ನಮಗೆ ಗಂಟೂ ಬೇಕು, ಬಿಗಿ ಬಟ್ಟೆಯೂ ಬೇಕು. ಕುಶನ್‌ಗೆ ದಪ್ಪ ಕೇಸ್‌ಮೆಂಟ್ ಬಟ್ಟೆ ಒಳ್ಳೆಯದು. ತೆಳು ಬಟ್ಟೆಯೇ ಆಗಬೇಕು ಅಂದರೆ ಹಿಂದೆ ಒಂದು ಪದರ ಕಾಟನ್ ಲೈನಿಂಗ್ ಸೇರಿಸಿ, ಎರಡನ್ನೂ ಒಟ್ಟಿಗೆ ಕಸೂತಿ ರಿಂಗ್‌ಗೆ ಹಾಕಿ. ಮ್ಯಾಟಿ ಬಟ್ಟೆಯ ಕಣ್ಣು ದೊಡ್ಡದು. ಅದರಲ್ಲಿ ಉಲ್ಲನ್ ದಾರ ನಿಲ್ಲುತ್ತದೆ, ಎರಡು ಮೂರು ಎಳೆ ಹತ್ತಿ ದಾರ ನಿಲ್ಲುವುದಿಲ್ಲ. ಎಳೆದರೆ ಹಿಗ್ಗುವ ಬಟ್ಟೆಯಲ್ಲಿ ಪ್ರಯತ್ನವೇ ಬೇಡ. ರೇಷ್ಮೆಯಂತೆ ಹೊಳೆಯುವ ಮಷೀನ್ ದಾರವೂ ಬೇಡ, ಅದು ಎಂಥ ಗಂಟಿನಿಂದಲೂ ನುಣುಚಿಕೊಳ್ಳುತ್ತದೆ.

ಈಗ ಹೊಲಿಗೆ. ಒಂದು ತುಂಡು ಬಟ್ಟೆ ತಗೊಳ್ಳಿ. ಪೆನ್ಸಿಲಿನಲ್ಲಿ ಗೆರೆ ಎಳೆದು, ಎಡದಿಂದ ಬಲಕ್ಕೆ 2 ಮಿಲಿಮೀಟರಿಗೆ ಒಂದರಂತೆ ಏಳು ಚುಕ್ಕೆ ಇಡಿ. ಒಂದು, ಎರಡು, ಮೂರು ಅಂತ ನಂಬರ್ ಹಾಕಿ. ದಾರದ ತುದಿಗೆ ಗಂಟು ಹಾಕಬೇಡಿ. ಮುಂಬದಿಯಿಂದಲೇ ಎರಡನೇ ಚುಕ್ಕೆಯಲ್ಲಿ ಸೂಜಿ ಚುಚ್ಚಿ ಒಂದನೇ ಚುಕ್ಕೆಯಲ್ಲಿ ಮೇಲೆ ತನ್ನಿ. ದಾರದ ತುದಿ ಬಟ್ಟೆಯ ಮೇಲೇ ಇರಲಿ, ಎಡ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಈಗ ದಾರವನ್ನು ಗೆರೆಯ ಮೇಲ್ಗಡೆ ಇಟ್ಟು, ಮೂರರಲ್ಲಿ ಚುಚ್ಚಿ ಎರಡರಲ್ಲಿ ಮೇಲೆ ತನ್ನಿ. ಪೂರ್ತಿ ಬಿಗಿ ಎಳೆಯಿರಿ. ಒಂದರಿಂದ ಮೂರರ ತನಕ ಅಡ್ಡ ಹೊಲಿಗೆ ಬಿತ್ತು. ಅದರ ಕೆಳಗೆ, ಎರಡನೇ ಚುಕ್ಕೆಯಲ್ಲಿ, ದಾರದ ತುದಿಯೂ ಇದೆ, ಈಗ ಎಳೆದ ದಾರವೂ ಇದೆ. ಇದೇ ಗಂಟು.

ಮುಂದಿನದು ಕುಣಿಕೆ. ದಾರವನ್ನು ಗೆರೆಯ ಕೆಳಗಡೆ, ನಿಮ್ಮ ಕಡೆಗೆ, ಇಟ್ಟುಕೊಳ್ಳಿ. ನಾಲ್ಕರಲ್ಲಿ ಚುಚ್ಚಿ ಮೂರರಲ್ಲಿ ಮೇಲೆ ತನ್ನಿ. ಪೂರ್ತಿ ಎಳೆಯಬೇಡಿ. ಬೇಕಾದಷ್ಟು ಕುಣಿಕೆ ಬಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಆ ಬೆರಳು ತೆಗೆಯದೆ, ದಾರ ಮತ್ತೆ ಮೇಲ್ಗಡೆ. ಐದರಲ್ಲಿ ಚುಚ್ಚಿ, ನಾಲ್ಕರಲ್ಲಿ ತಂದು, ಬಿಗಿ ಎಳೆಯಿರಿ. ಆಮೇಲೆ ಆರು ಐದು ಸಡಿಲ, ಏಳು ಆರು ಬಿಗಿ. ದಾರ ಕೆಳಗಿದ್ದರೆ ಕುಣಿಕೆ, ಮೇಲಿದ್ದರೆ ಗಂಟು. ನಾನು ಹಾಸನದಲ್ಲಿ ಹೇಳಿಕೊಡುವಾಗ ಹುಡುಗಿಯರಿಗೆ ಬಾಯಲ್ಲಿ ಹೇಳಿಸುತ್ತೇನೆ: ಕೆಳಗೆ ಬಿಡು, ಮೇಲೆ ಬಿಗಿ. ಕೆಳಗೆ ಬಿಡು, ಮೇಲೆ ಬಿಗಿ. ಕೇಳಿದವರು ನಗುತ್ತಾರೆ. ಆದರೆ ಹೇಳಿಕೊಂಡು ಹಾಕಿದವರ ಗಂಟು ತಪ್ಪುವುದಿಲ್ಲ.

ನೀವೇ ನೋಡಿ, ಜುಂಗು ನಿಲ್ಲುವುದು ಎರಡು, ನಾಲ್ಕು, ಆರನೇ ಚುಕ್ಕೆಗಳಲ್ಲಿ ಮಾತ್ರ. ಒಂದು, ಮೂರು, ಐದು ಅಡ್ಡ ಹೊಲಿಗೆಯ ಕಾಲುಗಳು. ಸಾಲು ಮುಗಿಸುವುದು ಯಾವಾಗಲೂ ಬಿಗಿ ಹೊಲಿಗೆಯ ನಂತರವೇ. ಆಗ ದಾರ ಮುಂಬದಿಯಲ್ಲೇ ಇರುತ್ತದೆ. ಕುಣಿಕೆಯಷ್ಟೇ ಉದ್ದ ಬಿಟ್ಟು ಕತ್ತರಿಸಿ, ಅದೂ ಜುಂಗಿನಲ್ಲಿ ಸೇರಿಹೋಗುತ್ತದೆ. ಹಿಂದೆ ಗಂಟು ಹಾಕುವ ಕೆಲಸವೇ ಇಲ್ಲ. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ಹೊಲಿಗೆ ಇಲ್ಲ ಅನ್ನುತ್ತೇನೆ ನಾನು.

ಎರಡನೇ ಸಾಲು ಮೊದಲನೆಯದರ ಮೇಲ್ಗಡೆ ಬರಬೇಕು, ಕೆಳಗಲ್ಲ. ಹಳೆಯ ಕುಣಿಕೆಗಳೆಲ್ಲ ನಿಮ್ಮ ಕಡೆ ಬಾಗಿ ಮಲಗಿರುತ್ತವೆ, ಸೂಜಿಗೆ ಅಡ್ಡ ಬರುವುದಿಲ್ಲ. ಮೇಲಿನಿಂದ ಕೆಳಗೆ ಬಂದರೆ ಪ್ರತಿ ಹೊಲಿಗೆಗೂ ಕುಣಿಕೆ ಸರಿಸುತ್ತಾ ಕೂರಬೇಕು. ಇಟ್ಟಿಗೆ ಕಟ್ಟುವವರು ಮಾಡುವ ಹಾಗೆ, ಕೆಳಸಾಲಿನ ಎರಡು ಜುಂಗಿನ ನಡುವೆ ಮೇಲ್ಸಾಲಿನ ಒಂದು ಜುಂಗು ಬರಲಿ. ಸಾಲಿಗೆ ಸಾಲಿಗೆ 2 ಮಿಲಿಮೀಟರ್ ಸಾಕು. ನಿಮ್ಮ ಬಾಲದಲ್ಲಿ ಬಟ್ಟೆ ಕಾಣುವುದಕ್ಕೆ ಉದುರಿದ್ದು ಒಂದು ಕಾರಣ. ಸಾಲು ದೂರ ಇದ್ದದ್ದು ಇನ್ನೊಂದು ಕಾರಣ ಇರಬಹುದು. ಕುಣಿಕೆ ಇದ್ದಾಗ ತುಂಬಿದ ಹಾಗೆ ಕಾಣುತ್ತದೆ. ಕತ್ತರಿಸಿದ ಮೇಲೆ ಎಲ್ಲ ಬಯಲು.

ಆರು ಎಳೆ ಹಾಕಿದ್ದೂ ಸರಿಯಾಗಲಿಲ್ಲ. ದಪ್ಪ ದಾರಕ್ಕೆ ದಪ್ಪ ಸೂಜಿ, ದಪ್ಪ ಸೂಜಿಗೆ ದೊಡ್ಡ ತೂತು. ಅಡ್ಡ ಹೊಲಿಗೆ ಉಬ್ಬಿಕೊಂಡು ಬಿಗಿಯಾಗಿ ಕೂರುವುದಿಲ್ಲ. ಮೂರು ಎಳೆ ಸಾಕು, ಪುಟ್ಟ ಚಿತ್ರಕ್ಕೆ ಎರಡೇ ಸಾಕು. ಲಚ್ಚಿಯಿಂದ ದಾರ ಕತ್ತರಿಸಿದ ಮೇಲೆ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಮತ್ತೆ ಜೋಡಿಸಿ ಸೂಜಿಗೆ ಹಾಕಿ. ಅಂಟಿಕೊಂಡಿದ್ದ ಎಳೆಗಳು ಹೀಗೆ ಬಿಡಿಯಾದರೆ ಕತ್ತರಿಸಿದ ಮೇಲೆ ಹೂವಿನ ಹಾಗೆ ಅರಳುತ್ತವೆ.

ದಾರ ಎಷ್ಟು ಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಈ ಹೊಲಿಗೆ ದಾರ ತಿನ್ನುವುದರಲ್ಲಿ ಎತ್ತಿದ ಕೈ. ಆಂಕರ್ ಕಂಪನಿಯ ದಾರದ ಲಚ್ಚಿ 8 ಮೀಟರ್, ಆರು ಎಳೆ. ಮೂರೆಳೆಯಂತೆ ಬಳಸಿದರೆ 16 ಮೀಟರ್ ಆಯಿತು. ಬಾಲಕ್ಕೆ ಕುಣಿಕೆ ಒಂದೂವರೆ ಸೆಂಟಿಮೀಟರ್ ಎತ್ತರ ಅಂದುಕೊಳ್ಳಿ. ಹೋಗಿ ಬರಲು 3 ಸೆಂಟಿಮೀಟರ್, ಗಂಟಿಗೆ ಸುಮಾರು ಇನ್ನೊಂದು. ಅಲ್ಲಿಗೆ ಒಂದು ಲಚ್ಚಿಗೆ 400 ಕುಣಿಕೆ. ನಾನು ಹೇಳಿದ ಅಳತೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಹನ್ನೆರಡು ಹದಿಮೂರು ಕುಣಿಕೆ ಬೇಕು. ಅಂದರೆ ಒಂದು ಲಚ್ಚಿಯಲ್ಲಿ ತುಂಬುವುದು 30 ಚದರ ಸೆಂಟಿಮೀಟರ್ ಚಿಲ್ಲರೆ. 15 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಬಾಲಕ್ಕೆ ಎರಡು ಲಚ್ಚಿ ಬೇಕೇ ಬೇಕು. ಮೂರು ತಂದಿಟ್ಟುಕೊಳ್ಳಿ, ಒಂದೇ ಸಲ, ಒಂದೇ ಅಂಗಡಿಯಿಂದ. ಅದೇ ನಂಬರಿನ ದಾರವಾದರೂ ಬೇರೆ ಸಲ ಬಣ್ಣ ಹಾಕಿದ್ದು ಚೂರು ಬೇರೆ ಕಾಣುತ್ತದೆ. ಬಾಲದ ಮಧ್ಯೆ ಗೆರೆ ಎಳೆದ ಹಾಗೆ ಗೊತ್ತಾಗಿಬಿಡುತ್ತದೆ.

ಬಣ್ಣದಲ್ಲಿ ಇನ್ನೊಂದು ಮೋಸ ಇದೆ. ಕತ್ತರಿಸಿದ ಜುಂಗು ಅದೇ ದಾರವನ್ನು ಬಟ್ಟೆಯ ಮೇಲೆ ಮಲಗಿಸಿ ತುಂಬುವ ಸ್ಯಾಟಿನ್ ಸ್ಟಿಚ್‌ಗಿಂತ ಗಾಢವಾಗಿ ಕಾಣುತ್ತದೆ. ಮಲಗಿದ ದಾರದ ಮೈ ಬೆಳಕನ್ನು ಹೊಳೆದು ಹಿಂದಕ್ಕೆ ಕೊಡುತ್ತದೆ. ನಿಂತ ದಾರದ ತುದಿಗಳ ನಡುವೆ ಬೆಳಕು ಒಳಗೆ ಹೋಗಿ ಕಳೆದುಹೋಗುತ್ತದೆ. ಮಖಮಲ್ಲಿನದೂ ಇದೇ ಕಥೆ. ಅದಕ್ಕೆ ಮೈಗೆ ಹಾಕಿದ್ದಕ್ಕಿಂತ ಒಂದು ಛಾಯೆ ತಿಳಿಯಾದದ್ದನ್ನು ಬಾಲಕ್ಕೆ ಆರಿಸಿ. ಮೂರೂ ಎಳೆ ಒಂದೇ ಬಣ್ಣ ಇರಬೇಕಿಲ್ಲ. ಒಂದು ಕಂದುಗೆಂಪು, ಒಂದು ಕಾಫಿಪುಡಿ ಬಣ್ಣ, ಒಂದು ಕಪ್ಪು ಸೇರಿಸಿ ಸೂಜಿಗೆ ಹಾಕಿ ನೋಡಿ. ಕೆಂಜಳಿಲಿನ ಕೂದಲು ದೂರದಿಂದ ಒಂದೇ ಬಣ್ಣ, ಹತ್ತಿರದಿಂದ ಹಲವು ಬಣ್ಣ. ನೀವು ದಿನಾ ನೋಡುವವರು, ನನಗಿಂತ ನಿಮಗೇ ಗೊತ್ತು. ನಾನು ಭದ್ರಾ ಕಾಡಿಗೆ ಹೋದಾಗ ಕಂಡದ್ದು ಮರದ ತುದಿಯಿಂದ ನೇತಾಡುತ್ತಿದ್ದ ಬಾಲ ಮಾತ್ರ. ಮೈಗಿಂತ ಬಾಲವೇ ಉದ್ದ ಅದಕ್ಕೆ.

ಕೂದಲು ಯಾವ ಕಡೆ ಬಾಗಬೇಕು ಅನ್ನುವುದನ್ನು ಮೊದಲೇ ಯೋಚಿಸಬೇಕು. ಹೆಚ್ಚಿನವರು ಬಾಲವನ್ನು ಉದ್ದುದ್ದ ಸಾಲುಗಳಲ್ಲಿ ಒಂದೇ ಬದಿಯಿಂದ ತುಂಬಿಬಿಡುತ್ತಾರೆ. ಆಗ ಕೂದಲೆಲ್ಲ ಒಂದು ಪಕ್ಕಕ್ಕೆ ವಾಲಿ, ಬಾಲ ಹೋಗಿ ಕಡ್ಡಿ ಪೊರಕೆ ಆಗುತ್ತದೆ. ಕುಣಿಕೆ ಯಾವಾಗಲೂ ನಿಮ್ಮ ಕಡೆ ಬೀಳುತ್ತದೆ ಅಂದೆನಲ್ಲ, ಅದನ್ನೇ ಬಳಸಿಕೊಳ್ಳಿ. ರಿಂಗನ್ನು ತಿರುಗಿಸಿ ಬಾಲದ ತುದಿ ನಿಮ್ಮ ಹೊಟ್ಟೆಯ ಕಡೆ ಬರುವಂತೆ ಹಿಡಿಯಿರಿ. ತುದಿಯಿಂದ ಶುರು ಮಾಡಿ ಅಡ್ಡ ಸಾಲುಗಳಲ್ಲಿ ಬುಡದ ಕಡೆ ಹೋಗಿ. ಕೂದಲು ತಾನಾಗೇ ತುದಿಯ ಕಡೆ ಬಾಗುತ್ತದೆ. ಬಾಲ ಎರಡೂ ಪಕ್ಕಕ್ಕೆ ಪೊದೆಯಾಗಿ ಅರಳಬೇಕು ಅಂದರೆ ಎಡ ಅಂಚಿನಿಂದ ನಡುವಿನ ತನಕ ಸಾಲು ಹಾಕಿ. ರಿಂಗ್ ತಿರುಗಿಸಿ, ಬಲ ಅಂಚಿನಿಂದ ನಡುವಿನ ತನಕ ಹಾಕಿ. ಕೊನೆಯ ಸಾಲು ಬೆನ್ನೆಲುಬಿನ ಮೇಲೆ. ನಿಮ್ಮ ಚಿತ್ರಕ್ಕೆ ನಾನಾಗಿದ್ದರೆ ಈ ಎರಡನೆಯದನ್ನೇ ಮಾಡುತ್ತಿದ್ದೆ. ದುಂಡನೆಯ ಹೂಗಳಿಗೂ ಇದೇ ಲೆಕ್ಕ. ಮುಟ್ಟಿದರೆ ಮುನಿ ಹೂವಿನ ಗುಲಾಬಿ ಚೆಂಡನ್ನು ಹೊರ ಸುತ್ತಿನಿಂದ ಶುರು ಮಾಡಿ, ರಿಂಗ್ ತಿರುಗಿಸುತ್ತಾ ಒಳಗೆ ಹೋಗಬೇಕು. ನಡುವಿನಿಂದ ಶುರು ಮಾಡಿದರೆ ಮುಗಿಸುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ.

ಹಾಸನದ ನನ್ನ ವಿದ್ಯಾರ್ಥಿನಿಯೊಬ್ಬಳು ಬೇಲೂರಿನ ಶಿಲ್ಪಗಳನ್ನು ನೋಡಿಬಂದು ಚಾಮರ ಹಿಡಿದ ಹೆಂಗಸನ್ನು ಕಸೂತಿ ಮಾಡಿದಳು. ಇಡೀ ಚಿತ್ರ ಬರೀ ಸ್ಟೆಮ್ ಸ್ಟಿಚ್ ಗೆರೆ. ಚಾಮರ ಒಂದಕ್ಕೆ ಮಾತ್ರ ಈ ಹೊಲಿಗೆ, ಬಿಳಿ ದಾರದಲ್ಲಿ, ಎರಡು ಸೆಂಟಿಮೀಟರ್ ಉದ್ದ ಬಿಟ್ಟು. ಈ ಹೊಲಿಗೆಯನ್ನು ಅಷ್ಟು ಹಿತಮಿತವಾಗಿ ಬಳಸಿದ್ದು ನಾನು ಇನ್ನೊಂದು ನೋಡಿಲ್ಲ. ಹೂವೂ ಜುಂಗು, ಹಕ್ಕಿಯೂ ಜುಂಗು ಅಂತ ಮಾಡಿದರೆ ಕುಶನ್ ಕವರ್ ಕಾಲೊರೆಸು ಆಗಿಬಿಡುತ್ತದೆ.

ಇನ್ನು ಕತ್ತರಿ. ಹಾಳಾಗುವುದು ಇಲ್ಲೇ ಜಾಸ್ತಿ. ಪೂರ್ತಿ ತುಂಬುವ ತನಕ ಒಂದು ಕುಣಿಕೆಯನ್ನೂ ಕತ್ತರಿಸಬೇಡಿ. ಕತ್ತರಿಸಿದ ತುದಿಗಳು ಮುಂದಿನ ಸಾಲಿನ ಸೂಜಿಗೆ ಸಿಕ್ಕಿ ಗಂಟಿನೊಳಗೆ ಸೇರಿಕೊಳ್ಳುತ್ತವೆ. ಗಂಟು ಬಿಗಿಯಾಗುವುದಿಲ್ಲ. ತುಂಬಿದ ಮೇಲೆ ಬಟ್ಟೆಯನ್ನು ರಿಂಗ್‌ನಲ್ಲೇ ಬಿಗಿಯಾಗಿ ಇಟ್ಟುಕೊಂಡು ಕೆಳಸಾಲಿನಿಂದ ಶುರು ಮಾಡಿ. ಎರಡು ಮೂರು ಕುಣಿಕೆಗಳೊಳಗೆ ದಪ್ಪ ಸೂಜಿ ತೂರಿಸಿ ಮೇಲೆತ್ತಿ, ತುದಿಯಲ್ಲಿ ಕತ್ತರಿಸಿ. ಕತ್ತರಿಯ ಮೂತಿ ಬಟ್ಟೆಯ ಕಡೆ ತಿರುಗಲೇಬಾರದು. ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ನನ್ನ ಅಕ್ಕನ ಮಗಳ ಫ್ರಾಕಿಗೆ ಹಳದಿ ಕೋಳಿಮರಿ ಮಾಡಿದ್ದೆ. ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ ಕತ್ತರಿಸಲು ಹೋಗಿ ಮರಿಯ ಹೊಟ್ಟೆಯ ಜೊತೆ ಫ್ರಾಕಿಗೂ ತೂತು ಬಿತ್ತು. ಆ ಜಾಗದಲ್ಲಿ ಒಂದು ಹಸಿರು ಎಲೆ ತೇಪೆ ಹಾಕಿದೆ. ಕೋಳಿಮರಿ ಎಲೆ ತಬ್ಬಿಕೊಂಡಿದ್ದು ಯಾಕೆ ಅಂತ ಮಗು ಇವತ್ತಿಗೂ ಕೇಳುತ್ತಾಳೆ.

ಕತ್ತರಿಸಿದ ಮೇಲೆ ಬಾಚಬೇಕು. ಹಳೆಯ ಹಲ್ಲುಜ್ಜುವ ಬ್ರಷ್ ಆಗುತ್ತದೆ. ಅದಕ್ಕಿಂತ ಹೇನಿನ ಬಾಚಣಿಗೆ ಒಳ್ಳೆಯದು. ಹೊಸದು ತಗೊಳ್ಳಿ ಮತ್ತೆ! ಬಾಚಿ, ಚೂರು ಕತ್ತರಿಸಿ, ಮತ್ತೆ ಬಾಚಿ. ಬಾಚಿದಾಗ ಒಳಗೆ ಅಡಗಿದ್ದ ಉದ್ದ ಎಳೆಗಳು ಮೇಲೆ ಬರುತ್ತವೆ. ಒಂದೇ ಸಲ ಸಮ ಮಾಡಲು ಹೋದರೆ ಅಲ್ಲಿ ಗಿಡ್ಡ ಆಯ್ತು ಅಂತ ಇಲ್ಲಿ, ಇಲ್ಲಿ ಗಿಡ್ಡ ಆಯ್ತು ಅಂತ ಅಲ್ಲಿ. ಕೊನೆಗೆ ಮಿಲಿಟರಿ ಕ್ರಾಪ್. ಹೂವು, ಜೇನುಹುಳ ಇಂಥವಕ್ಕೆ ಅಂಚು ಗಿಡ್ಡ, ನಡು ಎತ್ತರ ಇರುವಂತೆ ಗುಮ್ಮಟದ ಆಕಾರ ಕೊಡಿ. ಬಾಲಕ್ಕೆ ಹಾಗಲ್ಲ. ಅಲ್ಲಲ್ಲಿ ಕತ್ತರಿಯ ಮೂತಿಯಿಂದ ಎಳೆಗಳ ನಡುವೆ ಚುಚ್ಚಿ ಕತ್ತರಿಸಿ, ಉದ್ದ ಗಿಡ್ಡ ಬೆರೆಯಲಿ. ಉದುರಿದ ಪುಡಿಯನ್ನು ಅಂಟು ಟೇಪಿನಿಂದ ತೆಗೆಯಿರಿ, ಕೈಯಿಂದ ಉಜ್ಜಬೇಡಿ.

ಈಗ ನಿಮ್ಮ ಅರ್ಧ ಬೋಳು ಬಾಲಕ್ಕೆ ಬರೋಣ. ಪೂರ್ತಿ ಬಿಚ್ಚಬೇಡಿ. ಮೊದಲು ಬಾಚಣಿಗೆ ಗಟ್ಟಿಯಾಗಿ ಆಡಿಸಿ, ಬರುವುದೆಲ್ಲ ಬಂದುಬಿಡಲಿ. ಗಂಟು ಗಟ್ಟಿ ಇರುವುದು ಉಳಿಯುತ್ತದೆ. ಉದುರಿದ ಕಡೆ ತೂತುಗಳು ಕಾಣುತ್ತಿದ್ದರೆ ಬಟ್ಟೆಯನ್ನು ಚೂರು ಒದ್ದೆ ಮಾಡಿ ಉಗುರಿನಿಂದ ಎರಡೂ ದಿಕ್ಕಿಗೆ ಕೆರೆಯಿರಿ, ನೇಯ್ಗೆ ಕೂಡಿಕೊಳ್ಳುತ್ತದೆ. ಒಣಗಿದ ಮೇಲೆ ಉಳಿದ ಜುಂಗನ್ನು ಟೇಪಿನಿಂದ ಒಂದು ಪಕ್ಕಕ್ಕೆ ಮಲಗಿಸಿ, ಖಾಲಿ ಜಾಗದಲ್ಲಿ ಮೂರೆಳೆಯಿಂದ ಹೊಸ ಸಾಲು ಹಾಕಿ. ಆರೆಳೆಯ ನಡುವೆ ಮೂರೆಳೆ ಬಂದರೆ ಕೂದಲು ಇನ್ನೂ ಸಹಜವಾಗೇ ಕಾಣುತ್ತದೆ. ಇಲ್ಲಿ ನಿಮ್ಮ ತಪ್ಪೇ ಲಾಭವಾಯ್ತು ಅಂದುಕೊಳ್ಳಿ. ಹೊಸ ಕುಣಿಕೆ ಕತ್ತರಿಸುವ ಮುಂಚೆ ಹಿಂಬದಿಗೆ ಟೈಲರ್‌ಗಳು ಕಾಲರ್‌ಗೆ ಹಾಕುವ ತೆಳು ಫ್ಯೂಸಿಂಗ್ ಅಂಟಿಸಿ. ಟರ್ಕಿ ಟವೆಲ್ ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಕಸೂತಿಯ ಮುಖ ಕೆಳಗೆ ಮಾಡಿ, ಹಿಂದಿನಿಂದ ಇಸ್ತ್ರಿ. ಫೆವಿಕಾಲ್ ಬಳಿಯಲು ಹೇಳುವವರಿದ್ದಾರೆ, ನನಗದು ಇಷ್ಟವಿಲ್ಲ. ಒಣಗಿದರೆ ಬಟ್ಟೆ ರಟ್ಟಾಗುತ್ತದೆ, ಒದ್ದೆಯಾದರೆ ಬಿಡುತ್ತದೆ. ಮೊದಲ ಪರೀಕ್ಷೆಯಲ್ಲಿ ನಿಮಗೆ ಸಿಕ್ಕಿದ್ದು ಸುಕ್ಕು ಸುಕ್ಕಾದ ಚೂರು ಆಗಿದ್ದರೆ, ಅಂದರೆ ಗಂಟಿದ್ದೂ ಬಟ್ಟೆ ಹಿಡಿಯಲಿಲ್ಲ ಅಂದರೆ, ಫ್ಯೂಸಿಂಗನ್ನು ಮೊದಲು ಅಂಟಿಸಿ, ಆಮೇಲೆ ಹೊಸ ಸಾಲು ಹಾಕಿ.

ಒಗೆಯುವ ವಿಷಯ. ಕೆಂಪು, ಕಂದು ದಾರ ಬಣ್ಣ ಬಿಡುತ್ತಾ ಅಂತ ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ತಣ್ಣೀರು, ಸ್ವಲ್ಪ ಶಾಂಪೂ, ಕೈಯಲ್ಲೇ ಅದ್ದಿ ತೆಗೆಯಿರಿ. ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ, ಜುಂಗು ಮೇಲೆ ಮಾಡಿ ನೆರಳಲ್ಲಿ ಹರಡಿ, ಅರ್ಧ ಒಣಗಿದಾಗ ಒಮ್ಮೆ ಬಾಚಿ. ಮುಂಬದಿಗೆ ಇಸ್ತ್ರಿ ಎಂದೂ ಬೇಡ. ಹಾಸನದಲ್ಲಾದರೆ ಇಷ್ಟು ಸಾಕು. ನಿಮ್ಮ ಮೂಡಿಗೆರೆ ಮಳೆಯಲ್ಲಿ ಮಾಮೂಲಿ ಬಟ್ಟೆಯೇ ವಾರ ಒಣಗುವುದಿಲ್ಲ. ಜುಂಗಿನ ಬುಡದಲ್ಲಿ ನೀರು ನಿಂತರೆ ಮೂರನೇ ದಿನಕ್ಕೆ ವಾಸನೆ, ಆಮೇಲೆ ಬೂಷ್ಟು. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಅಳಿಲಿಗೆ ಹೊಗೆ ವಾಸನೆ ಹಿಡಿಯುತ್ತದೆ. ಹಾಗಾಗಿ ಕವರಿಗೆ ಜಿಪ್ ಇಟ್ಟು ಹೊಲಿಯಿರಿ. ಮೇ ಕೊನೆಯಲ್ಲಿ ಬಿಸಿಲು ಇರುವಾಗಲೇ ಒಗೆದು, ಪೂರ್ತಿ ಒಣಗಿಸಿ, ಹಳೆಯ ಕಾಟನ್ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡಿ. ಅದರ ಮೇಲೆ ಬೇರೆ ಬಟ್ಟೆ ಪೇರಿಸಬೇಡಿ. ದಸರಾ ಹೊತ್ತಿಗೆ ತೆಗೆದು ಒಮ್ಮೆ ಬಾಚಿದರೆ ಬಾಲ ಮತ್ತೆ ನಿಲ್ಲುತ್ತದೆ.